ಹೊಲದಲ್ಲಿ ಬಿದ್ದ ಗರಸು, ಖರೀದಿ ಪತ್ರದಲ್ಲಿ ಹುಟ್ಟಿದ ದಾರಿ

ನಮ್ಮ ಹೊಲ ಗದಗ ಜಿಲ್ಲೆಯ ಎರಿ ಸೀಮೆಯಲ್ಲಿದೆ, ಅಂದರೆ ಕಪ್ಪು ಮಣ್ಣಿನ ನಾಡು. ನಾನು ಹುಬ್ಬಳ್ಳಿಯಲ್ಲಿ ಕೆಲಸದಲ್ಲಿದ್ದೇನೆ, ತಮ್ಮ ಊರಲ್ಲೇ ಇದ್ದು ಒಕ್ಕಲುತನ ಮಾಡುತ್ತಾನೆ. ಹೊಲದ ದಕ್ಷಿಣಕ್ಕೆ ಡಾಂಬರು ರಸ್ತೆ, ಉತ್ತರಕ್ಕೆ ಬೇರೆಯವರ ಎರಡು ಹೊಲ. ಅವರಿಗೆ ರಸ್ತೆಗೆ ಬರಲು ಹತ್ತಿರದ ಹಾದಿ ಅಂದರೆ ನಮ್ಮ ಹೊಲವೇ. ಇಷ್ಟೇ ಸಂಗತಿಯಿಂದ ನಾವು ಸರ್ವೆ, ವಕೀಲರು, ನೋಟಿಸು ಅಂತ ಓಡಾಡಬೇಕಾಯಿತು. ಅದನ್ನು ಇಲ್ಲಿ ಬರೆಯುತ್ತಿದ್ದೇನೆ, ಯಾಕಂದರೆ ನಮ್ಮ ಕಡೆ ಇದೇ ಪರಿಸ್ಥಿತಿಯಲ್ಲಿ ಇರುವವರು ತುಂಬಾ ಜನ ಇದ್ದಾರೆ, ಮತ್ತು ಬಹಳಷ್ಟು ಜನಕ್ಕೆ ಇದು ಗೊತ್ತಾಗುವುದು ಎದುರಿನವರ ಸಮನ್ಸ್ ಮನೆಗೆ ಬಂದ ಮೇಲೆ.

ಉತ್ತರದ ಎರಡು ಹೊಲಗಳಲ್ಲಿ ಒಂದು ಊರಿನ ಹಿರಿಯರೊಬ್ಬರದು. ಅವರು ರಾಶಿ ಕಾಲಕ್ಕೆ ನಮ್ಮ ಪೂರ್ವದ ಬದುವಿನ ಗುಂಟ ಚಕ್ಕಡಿ ಹೊಡೆದುಕೊಂಡು ಹೋಗುತ್ತಿದ್ದರು. ಅಪ್ಪ ಇದ್ದಾಗಿನಿಂದಲೂ ಹೀಗೇ. ಪ್ರತಿ ವರ್ಷ ಬಂದು ಕೇಳುತ್ತಿದ್ದರು, ಅಪ್ಪ ಹೂಂ ಅನ್ನುತ್ತಿದ್ದರು. ಇನ್ನೊಂದು ಹೊಲ ಪಟ್ಟಣದ ಒಬ್ಬರಿಗೆ ಮಾರಾಟವಾಯಿತು. ಕೊಂಡವರು ಅಲ್ಲಿ ಗೋದಾಮು ಕಟ್ಟುವ ವಿಚಾರದಲ್ಲಿದ್ದರು. ಮೊದಲು ಅವರ ಬೈಕು ಬಂತು, ಆಮೇಲೆ ಟ್ರ್ಯಾಕ್ಟರ್ ಬಂತು, ಒಂದು ದಿನ ಟಿಪ್ಪರ್ ಬಂತು. ಎರಿ ಮಣ್ಣು ಗೊತ್ತಲ್ವಾ, ಒಂದು ಮಳೆ ಬಿದ್ದರೆ ಚಪ್ಪಲಿ ಕೂಡ ಹಿಡಿದುಕೊಂಡು ಬಿಡುತ್ತದೆ. ಟಿಪ್ಪರ್ ಹುಗಿದು ನಿಂತಿತು. ಮರುದಿನ ಅವರು ನಮ್ಮ ಬದುವಿನ ಗುಂಟ ಗರಸು, ಅಂದರೆ ರಸ್ತೆಗೆ ಹಾಕುವ ಕಲ್ಲುಮಿಶ್ರಿತ ಗಟ್ಟಿ ಮಣ್ಣು, ಸುರಿಸಿದರು. ತಮ್ಮ ಫೋನ್ ಮಾಡಿ ಹೇಳಿದಾಗ ನನಗೆ ಮೈಯೆಲ್ಲಾ ಉರಿಯಿತು. ಓಡಾಡಿದ್ದು ಹೋಗಲಿ, ಗರಸು ಬಿದ್ದ ಜಾಗದಲ್ಲಿ ಮತ್ತೆ ಕಡ್ಲಿ ಬೆಳೆಯೋದು ಅಷ್ಟು ಸುಲಭ ಅಲ್ಲ.

ತಮ್ಮ ಅದೇ ಸಂಜೆ ಜೆಸಿಬಿ ತರಿಸಿ ಅಡ್ಡ ತೆಗ್ಗು ಹೊಡೆಸುತ್ತೇನೆ ಅಂದ. ನಾನು ತಡೆದೆ. ಜಗಳಕ್ಕೆ ಹೆದರಿ ತಡೆದದ್ದಲ್ಲ. ಎದುರಿನವರು ಇಷ್ಟು ಧೈರ್ಯವಾಗಿ ಗರಸು ಹಾಕಿದ್ದಾರೆ ಅಂದರೆ ಅವರ ಕೈಯಲ್ಲಿ ಏನೋ ಕಾಗದ ಇದೆ ಅಂತ ನನಗೆ ಅನ್ನಿಸಿತು. ಅದನ್ನು ಮೊದಲು ನೋಡಬೇಕಿತ್ತು.

ನೋಡಿದೆವು. ನೋಂದಣಿಯಾದ ಖರೀದಿ ಪತ್ರದ ದೃಢೀಕೃತ ನಕಲನ್ನು ಯಾರು ಬೇಕಾದರೂ ಶುಲ್ಕ ಕಟ್ಟಿ ಪಡೆಯಬಹುದು, ನೀವು ಅದರಲ್ಲಿ ಪಾರ್ಟಿ ಆಗಿರಬೇಕು ಅಂತೇನಿಲ್ಲ. ಅವರ ಸರ್ವೆ ನಂಬರಿನ ಇಸಿ (ಆ ಜಮೀನಿನ ಮೇಲೆ ನೋಂದಣಿಯಾದ ವ್ಯವಹಾರಗಳ ಪಟ್ಟಿ) ತೆಗೆಸಿ ದಸ್ತಾವೇಜಿನ ನಂಬರ್ ಹಿಡಿದು ನಕಲು ಪಡೆದೆವು. ಚಕ್ಕುಬಂದಿಯಲ್ಲಿ, ಅಂದರೆ ನಾಲ್ಕು ದಿಕ್ಕಿನ ಗಡಿ ಬರೆಯುವ ಜಾಗದಲ್ಲಿ, ಇತ್ತು ನೋಡಿ: ದಕ್ಷಿಣಕ್ಕೆ ನಮ್ಮ ಸರ್ವೆ ನಂಬರಿನ ಹೊಲ, "ಹಾಗೂ ಅದರಲ್ಲಿಯ ವಹಿವಾಟದ ಚಕ್ಕಡಿ ದಾರಿ". ಮಾರುವವರು ಬರೆದುಕೊಟ್ಟರು, ಕೊಳ್ಳುವವರು ಬರೆಸಿಕೊಂಡರು, ನಮಗೆ ಸುದ್ದಿಯೇ ಇಲ್ಲ. ಅದೇ ಹೊಲದ ಹಳೆಯ ಪತ್ರವನ್ನೂ ತೆಗೆಸಿದೆವು. ಅದರಲ್ಲಿ ದಾರಿಯ ಮಾತೇ ಇರಲಿಲ್ಲ, ಬರೀ ನಮ್ಮ ಸರ್ವೆ ನಂಬರ್ ಇತ್ತು. ಈ ಎರಡು ಪತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ವಕೀಲರು ಮೊದಲ ಬಾರಿಗೆ ಸ್ವಲ್ಪ ಸಮಾಧಾನದಿಂದ ಮಾತಾಡಿದರು.

ತನ್ನದಲ್ಲದ ದಾರಿಯನ್ನು ಯಾರೂ ಮಾರಲು ಆಗುವುದಿಲ್ಲ, ಹಾಗಾಗಿ ಆ ಸಾಲಿನಿಂದಲೇ ನಮ್ಮ ಹೊಲದಲ್ಲಿ ದಾರಿ ಹುಟ್ಟುವುದಿಲ್ಲ. ಆದರೆ ನಾವು ಸುಮ್ನೆ ಕೂತರೆ ಆ ಸಾಲು ಸಾಕ್ಷಿಯಾಗಿ ಬೆಳೆಯುತ್ತದೆ. ಮುಂದಿನ ಖರೀದಿ ಪತ್ರದಲ್ಲೂ ಅದೇ ಬರೆಯುತ್ತಾರೆ, ಸಾಲದ ಕಾಗದದಲ್ಲೂ ಅದೇ, ಎನ್‌ಎ (ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಿಸುವ) ಅರ್ಜಿಯ ಸ್ಕೆಚ್ಚಿನಲ್ಲೂ ಅದೇ.

ಕಾನೂನು ಏನು ಹೇಳುತ್ತದೆ ಅಂತ ವಕೀಲರು ಬಿಡಿಸಿ ಹೇಳಿದ್ದನ್ನು ನನಗೆ ಅರ್ಥವಾದ ಹಾಗೆ ಬರೆಯುತ್ತೇನೆ. ದಾರಿ, ನೀರು, ಬೆಳಕಿನ ಇಂಥ ಹಕ್ಕುಗಳಿಗೆ 1882ರ ಈಸ್‌ಮೆಂಟ್ ಕಾಯ್ದೆ ಇದೆ. ಗದಗ ಜಿಲ್ಲೆ ಆಗಿದ್ದು 1997ರಲ್ಲಿ, ಅದಕ್ಕೂ ಮೊದಲು ಧಾರವಾಡ ಜಿಲ್ಲೆ, ಬ್ರಿಟಿಷರ ಕಾಲದಲ್ಲಿ ಮುಂಬೈ ಪ್ರಾಂತ್ಯ. ಆ ಪ್ರಾಂತ್ಯಕ್ಕೆ ಈ ಕಾಯ್ದೆ 1891ರಲ್ಲೇ ಬಂತು. ಅದರ 15ನೇ ಕಲಂ ಪ್ರಕಾರ ಒಬ್ಬರು ಇನ್ನೊಬ್ಬರ ಜಮೀನಿನ ಮೇಲೆ 20 ವರ್ಷ ತಕರಾರಿಲ್ಲದೆ, ಎಲ್ಲರಿಗೂ ಕಾಣುವ ಹಾಗೆ, ಮಧ್ಯೆ ನಿಲ್ಲದೆ, ತನ್ನ ಹಕ್ಕು ಅಂತ ಓಡಾಡಿದ್ದರೆ ದಾರಿಯ ಹಕ್ಕು ಬರುತ್ತದೆ. ಸರ್ಕಾರಿ ಜಮೀನಾದರೆ 30 ವರ್ಷ. ಆ 20 ವರ್ಷ ಎಂದೋ ಮುಗಿದು ಹೋಗಿದ್ದರೆ ನಡೆಯುವುದಿಲ್ಲ, ದಾವೆ ಹಾಕುವ ದಿನದಿಂದ ಹಿಂದಿನ ಎರಡು ವರ್ಷದೊಳಗೆ ಮುಗಿದಿರಬೇಕು. ಇದನ್ನೆಲ್ಲ ಸಾಬೀತು ಮಾಡುವ ಹೊರೆ ದಾರಿ ಕೇಳುವವರ ಮೇಲೆ.

ಇಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು "ತನ್ನ ಹಕ್ಕು ಅಂತ" ಅನ್ನೋ ಮಾತು. ಮಾಲೀಕರನ್ನು ಕೇಳಿ, ಅವರು ಒಪ್ಪಿದ ಮೇಲೆ ಹೋದರೆ ಅದು ಪರವಾನಗಿ. ಪರವಾನಗಿಯ ಮೇಲೆ ಎಷ್ಟು ವರ್ಷ ಓಡಾಡಿದರೂ ಅದು ಹಕ್ಕಾಗಿ ಬಲಿಯುವುದಿಲ್ಲ. ಮಾಲೀಕ ನೋಡಿಯೂ ನೋಡದಂತೆ ಇದ್ದರೆ, ಹೋಗುವವರು ಯಾರನ್ನೂ ಕೇಳದೆ ಹೋಗುತ್ತಿದ್ದರೆ, ಆಗ ವರ್ಷಗಳು ಎಣಿಕೆಗೆ ಬೀಳುತ್ತವೆ. ನಮ್ಮ ಹಳ್ಳಿಗಳಲ್ಲಿ ಮಾತಿಗೆ ಬೆಲೆ ಇದೆ, ಅದು ಒಳ್ಳೆಯದೇ. ಆದರೆ ಮಾತು ಕೊಟ್ಟವರೂ ಪಡೆದವರೂ ತೀರಿಕೊಂಡ ಮೇಲೆ ಅದು ಕೇಳಿಕೊಂಡು ಹೋದ ದಾರಿಯೋ ಹಕ್ಕಿನ ದಾರಿಯೋ ಅಂತ ಯಾರು ಹೇಳಬೇಕು? ಮೊಮ್ಮಕ್ಕಳು ಕೋರ್ಟಿನಲ್ಲಿ ನಿಂತಾಗ ಇಬ್ಬರೂ ತಮ್ಮ ತಮ್ಮ ಮಟ್ಟಿಗೆ ನಿಜವನ್ನೇ ಹೇಳುತ್ತಿರುತ್ತಾರೆ.

ಅಡ್ಡ ತೆಗ್ಗಿನ ವಿಷಯಕ್ಕೆ ಬಂದರೆ, ಒಂದು ದಿನ ದಾರಿ ಮುಚ್ಚಿದರೆ 20 ವರ್ಷದ ಎಣಿಕೆ ಕಡಿದು ಹೋಗುತ್ತದೆ ಅಂತ ಊರಲ್ಲಿ ಬಹಳ ಜನ ನಂಬಿದ್ದಾರೆ. ಹಾಗಿಲ್ಲ. ನೀವು ಅಡ್ಡಿ ಹಾಕಿದ್ದು ಎದುರಿನವರಿಗೆ ಗೊತ್ತಾಗಿ, ಅವರು ಅದನ್ನು ಒಂದು ವರ್ಷ ಸಹಿಸಿಕೊಂಡು ಸುಮ್ಮನಿದ್ದರೆ ಮಾತ್ರ ಅದು ಕಾನೂನಿನ ಲೆಕ್ಕದಲ್ಲಿ ತಡೆ. ರಾತ್ರಿ ತೆಗ್ಗು ಹೊಡೆಸಿ ಬೆಳಗ್ಗೆ ಅವರು ಮುಚ್ಚಿದರೆ ಸಿಗುವುದು ಪೊಲೀಸ್ ಕೇಸು ಮಾತ್ರ.

ಆಮೇಲೆ ನಕಾಶೆ. ಗ್ರಾಮ ನಕಾಶೆಯನ್ನು ಭೂಮಾಪನ ಇಲಾಖೆಯ ವೆಬ್‌ಸೈಟಿನಲ್ಲೇ ನೋಡಬಹುದು. ಒಂದೇ ಚುಕ್ಕೆ ಗೆರೆ ಇದ್ದರೆ ಕಾಲುದಾರಿ, ಜೋಡಿ ಚುಕ್ಕೆ ಗೆರೆ ಇದ್ದರೆ ಬಂಡಿದಾರಿ. ನಾನು ಎದೆ ಹಿಡಿದುಕೊಂಡೇ ನೋಡಿದೆ ಅನ್ನಬೇಕು, ಯಾಕಂದರೆ ನಮ್ಮ ಹೊಲದ ಮೇಲೆ ಜೋಡಿ ಗೆರೆ ಇದ್ದಿದ್ದರೆ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ನಕಾಶೆಯಲ್ಲಿ ಇರುವ ದಾರಿಯನ್ನು ಯಾರೂ ಮುಚ್ಚುವಂತಿಲ್ಲ, ಮುಚ್ಚಲೂ ಬಾರದು. ನಮ್ಮ ನಂಬರಿನಲ್ಲಿ ಒಂದೂ ಗೆರೆ ಇರಲಿಲ್ಲ. ಆದರೆ ಪಶ್ಚಿಮಕ್ಕೆ, ಹಳ್ಳದ ದಂಡೆಯ ಗುಂಟ, ಡಾಂಬರು ರಸ್ತೆಯಿಂದ ಶುರುವಾಗಿ ಉತ್ತರದ ಎರಡೂ ಹೊಲಗಳನ್ನು ಮುಟ್ಟುವ ಜೋಡಿ ಗೆರೆ ಸ್ಪಷ್ಟವಾಗಿತ್ತು. ಫೋನಿನಲ್ಲಿ, ನಿಂತ ಜಾಗದ ಸರ್ವೆ ನಂಬರ್ ತೋರಿಸುವ ದಿಶಾಂಕ್ ಆ್ಯಪ್ ಹಾಕಿಕೊಂಡು ತಮ್ಮ ಮತ್ತು ನಾನು ಆ ಜಾಗಕ್ಕೆ ಹೋದೆವು. ದಾರಿ ಇತ್ತು. ಬಳ್ಳಾರಿ ಜಾಲಿ ಎದೆಮಟ್ಟ ಬೆಳೆದು ನಾಯಿ ಕೂಡ ನುಗ್ಗದ ಹಾಗೆ ಆಗಿತ್ತು, ಅಷ್ಟೇ.

ಈ ಜಾಲಿ ತುಂಬಿದ ದಾರಿಯೇ ನಮ್ಮ ಬಲ. ಬೇರೆ ಹಾದಿಯೇ ಇಲ್ಲದ ಹೊಲಕ್ಕೆ ಅನಿವಾರ್ಯದ ದಾರಿ ಅಂತ ಕಾಯ್ದೆಯ 13ನೇ ಕಲಮಿನಲ್ಲಿ ಅವಕಾಶ ಇದೆ. ಆದರೆ ಅದು ಒಂದೇ ಮಾಲೀಕರ ಜಮೀನು ಮಾರಾಟದಿಂದಲೋ ವಾಟ್ನಿಯಿಂದಲೋ (ಪಾಲಿನಿಂದಲೋ) ಒಡೆದು, ಹಿಂದಿನ ತುಂಡಿಗೆ ದಾರಿ ಉಳಿಯದೆ ಹೋದಾಗ ಬರುವಂಥದ್ದು. ನಮ್ಮ ಹೊಲ ಮತ್ತು ಅವರ ಹೊಲ ದಾಖಲೆಯಲ್ಲಿ ಎಂದೂ ಒಂದೇ ಮನೆತನದ್ದಾಗಿರಲಿಲ್ಲ. ಮೇಲಾಗಿ ಬೇರೆ ದಾರಿ ಇದೆ. ದೂರ ಅನ್ನೋದು, ಕೆಟ್ಟಿದೆ ಅನ್ನೋದು ಅನಿವಾರ್ಯ ಆಗುವುದಿಲ್ಲ.

ಹದ್ದುಬಸ್ತಿಗೆ, ಅಂದರೆ ಸರ್ಕಾರಿ ಸರ್ವೇಯರ್ ಹೊಲ ಅಳೆದು ಗಡಿ ಗುರುತಿಸುವುದಕ್ಕೆ, ಅರ್ಜಿ ಹಾಕಿದೆವು. ಕಡ್ಲಿ ರಾಶಿ ಆಗಿ ಹೊಲ ಖಾಲಿ ಆದ ಮೇಲೆ ಸರ್ವೆ ಬರುವ ಹಾಗೆ ನೋಡಿಕೊಳ್ಳಿ, ಬೆಳೆ ನಿಂತಾಗ ಅಳತೆ ಸರಿಯಾಗಿ ಆಗಲ್ಲ. ಸರ್ವೇಯರ್ ಬರುವ ದಿನದ ನೋಟಿಸು ಸುತ್ತಲಿನ ಎಲ್ಲ ಹೊಲದವರಿಗೆ ಮುಟ್ಟಿದೆಯಾ ಅಂತ ನೀವೇ ಒಮ್ಮೆ ವಿಚಾರಿಸಿ, ಯಾಕಂದರೆ "ನನಗೆ ನೋಟಿಸೇ ಬಂದಿಲ್ಲ" ಅನ್ನುವ ಒಂದು ಮಾತಿಗೆ ಇಡೀ ಅಳತೆ ಮತ್ತೆ ಆಗಬೇಕಾಗಿ ಬರಬಹುದು. ಸರ್ವೇಯರ್ ಹಳೆಯ ಟಿಪ್ಪಣಿ (ಹಿಂದಿನ ಸರ್ವೆಯ ಅಳತೆ ದಾಖಲೆ) ತಂದಿದ್ದರು. ನಮ್ಮ ಕಡೆಯ ಹಳೆಯ ಟಿಪ್ಪಣಿಗಳಲ್ಲಿ ಅಳತೆ ಚೈನು ಮತ್ತು ಆಣೆಯಲ್ಲಿ ಇರುತ್ತದೆ: 33 ಅಡಿಗೆ ಒಂದು ಚೈನು, 16 ಆಣೆಗೆ ಒಂದು ಚೈನು. ಒಂದು ಚೈನು ಉದ್ದ ಒಂದು ಚೈನು ಅಗಲ ಅಂದರೆ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ. ಇದನ್ನು ತಿಳಿದುಕೊಂಡಿದ್ದರೆ ಸರ್ವೇಯರ್ ಜೊತೆ ನಡೆಯುವಾಗ ನಿಮಗೂ ಲೆಕ್ಕ ಹಿಡಿಯಲು ಬರುತ್ತದೆ. ಮೂರು ಮೂಲೆಯ ಬಾಂದುಗಲ್ಲು ಸಿಕ್ಕವು. ಎರಿ ನೆಲ ಬೇಸಿಗೆಯಲ್ಲಿ ಬಿರಿದು ಮಳೆಗಾಲದಲ್ಲಿ ಉಬ್ಬುತ್ತದೆ, ಅದಕ್ಕೆ ಕಲ್ಲುಗಳು ವಾಲಿದ್ದವು. ಗರಸು ಬಿದ್ದ ಕಡೆಯ ಕಲ್ಲು ಮಾತ್ರ ಕಾಣೆಯಾಗಿತ್ತು. ಅದನ್ನು ಸರ್ವೇಯರ್ ಗುರುತು ಮಾಡಿದ ಜಾಗದಲ್ಲಿ ಎಲ್ಲರ ಎದುರೇ ಮತ್ತೆ ಹುಗಿದೆವು. ಹಾಜರಿದ್ದವರ ಸಹಿ ಆಯಿತು. ಅಳತೆ ಪ್ರಕಾರ ಗರಸು ಪೂರ್ತಿ ನಮ್ಮ ಹದ್ದಿನೊಳಗೆ ಇತ್ತು.

ಈಗ ಹಿರಿಯರ ವಿಷಯ. ಈ ಇಡೀ ಪ್ರಕರಣದಲ್ಲಿ ನನಗೆ ಹೆಚ್ಚು ಕಷ್ಟವಾದದ್ದು ಇದೇ. ಎದುರಿನವರ ನೋಟಿಸಿಗೆ ಉತ್ತರ ಕೊಡುವುದು ವಕೀಲರ ಕೆಲಸ, ಆದರೆ ಹಿರಿಯರ ಮನೆಗೆ ಹೋಗಿ "ಕಾಕಾ, ನಿಮ್ಮ ದಾರಿಗೆ ಒಂದು ಕಾಗದ ಮಾಡೋಣ" ಅನ್ನುವುದು ನನ್ನ ಕೆಲಸ. ಅವರಿಗೆ ಬೇಜಾರಾಯಿತು. "ನಿಮ್ಮಪ್ಪ ಇದ್ದಾಗ ಒಂದ ಮಾತ ಕೇಳಿದ್ರ ಮುಗೀತಿತ್ತು. ಈಗ ಕಾಗದ ಯಾಕ ಬೇಕಾತು?" ಅಂದರು. ಆ ಮಾತಿನಲ್ಲೇ ಉತ್ತರ ಇತ್ತು, ಅವರು ಕೇಳಿಕೊಂಡೇ ಹೋಗುತ್ತಿದ್ದರು. ಅದನ್ನೇ ಬರೆದಿಡೋಣ, ನಾಳೆ ನಿಮ್ಮ ಮಗ ನನ್ನ ಮಗ ಜಗಳ ಆಡಬಾರದು ಅಂದೆ. ಸಹಿಗೆ ಅವಸರ ಮಾಡಲಿಲ್ಲ. ಕರಡನ್ನು ಅವರ ಕೈಗೇ ಕೊಟ್ಟು ಬಂದೆ. ಮಗನಿಗೆ ತೋರಿಸಿ, ಬೇಕಿದ್ದರೆ ನಿಮ್ಮದೇ ವಕೀಲರಿಗೆ ತೋರಿಸಿ ಅಂದೆ. ಓದು ಬರಹ ಕಡಿಮೆ ಇರುವವರಿಂದ, ಗೊತ್ತಿಲ್ಲದೆ, ಇರುವ ಹಕ್ಕನ್ನು ಬಿಟ್ಟುಕೊಡುವ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವವರನ್ನು ನಾನು ನೋಡಿದ್ದೇನೆ. ಅದು ಕಳ್ಳತನ. ನಮ್ಮ ಭೂಮಿ ಉಳಿಸಿಕೊಳ್ಳಲು ಇನ್ನೊಬ್ಬರ ಹೊಲಕ್ಕೆ ಬೀಗ ಹಾಕುವುದು ನ್ಯಾಯ ಅಲ್ಲ.

ಅವರು ಒಪ್ಪಿದ ಕಾಗದದಲ್ಲಿ ಏನಿದೆ ಅಂದರೆ, ಬಿತ್ತಿಗೆ ಮತ್ತು ರಾಶಿ ಕಾಲಕ್ಕೆ ಪೂರ್ವದ ಬದುವಿನ ಗುಂಟ ಚಕ್ಕಡಿ, ಟ್ರ್ಯಾಕ್ಟರ್ ಹೋಗಬಹುದು. ಇಷ್ಟು ವರ್ಷ ಹೋಗಿದ್ದೂ ನಮ್ಮ ಮನೆಯವರ ಒಪ್ಪಿಗೆಯ ಮೇಲೆ, ಮುಂದೆ ಹೋಗುವುದೂ ಒಪ್ಪಿಗೆಯ ಮೇಲೆ, ಇದು ಈಸ್‌ಮೆಂಟ್ ಹಕ್ಕು ಅಲ್ಲ. ದುಡ್ಡು ಇಲ್ಲ. ಯುಗಾದಿಯಿಂದ ಯುಗಾದಿಗೆ ಅವಧಿ, ಯಾಕಂದರೆ ನಮ್ಮ ಕಡೆ ಒಕ್ಕಲುತನದ ಎಲ್ಲ ಮಾತುಕತೆ ಯುಗಾದಿಗೇ ಹೊಸದಾಗುತ್ತವೆ. ಈ ಒಪ್ಪಿಗೆ ಅವರ ಮನೆಯವರಿಗೆ ಮಾತ್ರ, ಹೊಲ ಮಾರಿದರೆ ಕೊಂಡವರಿಗೆ ಹೋಗುವುದಿಲ್ಲ. ಮತ್ತು ದಾರಿಯಲ್ಲಿ ಗರಸು ಹಾಕುವುದು, ಪೈಪು ಹುಗಿಯುವುದು, ಕಂಬ ನಿಲ್ಲಿಸುವುದು ಯಾವುದೂ ಇಲ್ಲ. ಈ ಕೊನೆಯ ಸಾಲನ್ನು ದಯವಿಟ್ಟು ಬಿಡಬೇಡಿ. ಕಾಯ್ದೆಯ 60ನೇ ಕಲಂ ಪ್ರಕಾರ ಪರವಾನಗಿಯನ್ನು ಮಾಲೀಕ ಹಿಂದಕ್ಕೆ ಪಡೆಯಬಹುದು, ಆದರೆ ಪರವಾನಗಿ ನಂಬಿ ಎದುರಿನವರು ಖರ್ಚು ಮಾಡಿ ಕಾಯಂ ಕೆಲಸ ಮಾಡಿದ್ದರೆ ಹಿಂದಕ್ಕೆ ಪಡೆಯಲು ಬರುವುದಿಲ್ಲ. ಪಕ್ಕದವರ ಬೋರ್‌ವೆಲ್ ಪೈಪ್‌ಲೈನು ಹಾಯಿಸಲು ಹೂಂ ಅಂದವರು ಇದನ್ನು ಎರಡು ಸಲ ಓದಬೇಕು.

ಗರಸು ಸುರಿಸಿದವರಿಗೆ ವಕೀಲರ ಮೂಲಕ ನೋಟಿಸು ಹೋಯಿತು. ಗರಸು ತೆಗೆಯಿರಿ, ಪತ್ರದ ಚಕ್ಕುಬಂದಿ ತಿದ್ದಿಸಿ, ನಮ್ಮ ಒಪ್ಪಿಗೆ ಇಲ್ಲ. ಉತ್ತರ ಬಂತು: 30 ವರ್ಷದಿಂದ ನಮ್ಮ ಹಿಂದಿನ ಮಾಲೀಕರು ಇದೇ ದಾರಿಯಲ್ಲಿ ಹೋಗಿದ್ದಾರೆ, ತಡೆದರೆ ಇಂಜಂಕ್ಷನ್ (ತಡೆಯಾಜ್ಞೆ) ತರುತ್ತೇವೆ. ಅದೇ ವಾರ ನಾವು ಸಿವಿಲ್ ಕೋರ್ಟಿನಲ್ಲಿ ಕೇವಿಯಟ್ ಹಾಕಿಸಿದೆವು. ಅಂದರೆ ಅವರು ದಾವೆ ಹಾಕಿ ತಡೆಯಾಜ್ಞೆ ಕೇಳಿದರೆ ನಮ್ಮ ಮಾತು ಕೇಳದೆ ಆದೇಶ ಮಾಡಬೇಡಿ ಅಂತ ಮೊದಲೇ ಕೋರ್ಟಿಗೆ ಹೇಳಿಡುವುದು. ಖರ್ಚು ಕಡಿಮೆ. 90 ದಿನ ಮಾತ್ರ ಜೀವ, ಆಮೇಲೆ ಹೊಸದು ಹಾಕಬೇಕು.

ಪೊಲೀಸ್ ಠಾಣೆಗೂ ಹೋದೆವು. ಇದು ಸಿವಿಲ್ ವಿಷಯ ಅಂದರು. ಒಂದು ಲೆಕ್ಕಕ್ಕೆ ಅದು ಸರಿಯೇ. 2024ರ ಜುಲೈ 1ರಿಂದ ಐಪಿಸಿ ಬದಲು ಭಾರತೀಯ ನ್ಯಾಯ ಸಂಹಿತೆ ಬಂದಿದೆ, ಅತಿಕ್ರಮ ಪ್ರವೇಶಕ್ಕೆ ಮೊದಲು ಕಲಂ 447 ಇದ್ದದ್ದು ಈಗ ಕಲಂ 329. ಆದರೆ ಅಪರಾಧ ಆಗಬೇಕಂದರೆ ಅಪರಾಧ ಮಾಡುವ, ಇಲ್ಲಾ ಹೆದರಿಸುವ, ಅವಮಾನಿಸುವ, ಕಾಡುವ ಉದ್ದೇಶ ಇರಬೇಕು. ಆದರೂ ದೂರು ಕೊಟ್ಟು ಹಿಂಬರಹ (ಠಾಣೆಯ ಲಿಖಿತ ಉತ್ತರ) ತೆಗೆದುಕೊಳ್ಳಿ. ಇಂಥ ದಿನ ನಾವು ಆಕ್ಷೇಪಿಸಿದ್ದೆವು ಅನ್ನೋದಕ್ಕೆ ಅದು ತಾರೀಖು ಇರುವ ಸಾಕ್ಷಿ, ಮತ್ತು "ತಕರಾರಿಲ್ಲದೆ ಓಡಾಡಿದೆವು" ಅನ್ನುವ ಮಾತಿಗೆ ಅದೇ ನೇರ ಉತ್ತರ.

30 ವರ್ಷದ ಮಾತಿಗೆ ಉತ್ತರ ಸಿಕ್ಕಿದ್ದು ಗೂಗಲ್ ಅರ್ತ್‌ನಲ್ಲಿ. ಅದರಲ್ಲಿ ಹಿಂದಿನ ವರ್ಷಗಳ ಉಪಗ್ರಹ ಚಿತ್ರ ನೋಡಲು ಬರುತ್ತದೆ. ನಮ್ಮ ಹೊಲದ ಸಿಗುವಷ್ಟು ಹಳೆಯ ಚಿತ್ರಗಳನ್ನು ಒಂದೊಂದಾಗಿ ತೆಗೆದೆವು. ಪೂರ್ವದ ಬದುವಿನ ಗುಂಟ ಕೆಲವದರಲ್ಲಿ ತೆಳು ಗೆರೆ, ಕೆಲವದರಲ್ಲಿ ಅದೂ ಇಲ್ಲ, ರಂಟಿ ಹೊಡೆದ ಸಾಲು ಬದುವಿನವರೆಗೂ ನೇರ ಹೋಗಿದೆ. ಚಕ್ಕಡಿ ಹೋದ ಗುರುತು ರಂಟಿ ಹೊಡೆದರೆ ಅಳಿದುಹೋಗುತ್ತದೆ, ಪ್ರತಿ ವರ್ಷ ನಾವು ಅದನ್ನು ಉತ್ತು ಬಿತ್ತಿದ್ದೇವೆ ಅಂದರೆ ಆ ನೆಲ ನಮ್ಮ ಅನುಭವದಲ್ಲೇ ಇತ್ತು. ಅವರ ಹೊಲದ ಕಡೆಗೆ ತಿರುಗುವ ದಾರಿಯಂತೂ ಗರಸು ಬೀಳುವ ಮೊದಲು ಒಂದು ಚಿತ್ರದಲ್ಲೂ ಇರಲಿಲ್ಲ. ಈ ಚಿತ್ರಗಳನ್ನು ಜೋಡಿಸಿ ಮರು ನೋಟಿಸು ಕಳಿಸಿದ ಮೇಲೆ ಎದುರಿನವರ ಧಾಟಿ ಬದಲಾಯಿತು.

ಬೋರ್ಡ್ ಕೂಡ ಹಾಕಿದೆವು. ಪ್ರವೇಶ ನಿಷೇಧ ಅಂತ ಬರೆಸಲು ನನಗೆ ಮನಸ್ಸಾಗಲಿಲ್ಲ. ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಹೋಗುವವರು ನಮ್ಮ ಹೊಲ ದಾಟಿಯೇ ಹೋಗುತ್ತಾರೆ, ರಾಶಿ ಆದ ಮೇಲೆ ಕುರಿಯವರು ಬಂದು ಹಿಂಡು ನಿಲ್ಲಿಸುತ್ತಾರೆ, ಗೊಬ್ಬರಕ್ಕೆ ನಾವೇ ಕರೆಸುತ್ತೇವೆ. ಅವರಿಗೆಲ್ಲ ಆ ಬೋರ್ಡ್ ಏನು ಹೇಳಬೇಕು? ಹಾಗಾಗಿ ಬರೆಸಿದ್ದು ಇಷ್ಟು: "ಇದು ಖಾಸಗಿ ಜಮೀನು. ಇಲ್ಲಿ ಸಾರ್ವಜನಿಕ ದಾರಿ ಇಲ್ಲ. ಓಡಾಟ ಮಾಲೀಕರ ಒಪ್ಪಿಗೆಯ ಮೇಲೆ ಮಾತ್ರ." ಕೆಳಗೆ ಸರ್ವೆ ನಂಬರ್. ಬೋರ್ಡ್ ನಿಲ್ಲಿಸಿದ ದಿನ ತಾರೀಖು ಮತ್ತು ಜಾಗ ಕಾಣುವ ಹಾಗೆ ಫೋಟೋ ತೆಗೆದು ಇಟ್ಟೆವು.

ಕೊನೆಗೆ ದಾರಿ ತೆರೆದದ್ದು ಹಳ್ಳದ ಕಡೆ. ನಕಾಶೆಯ ಬಂಡಿದಾರಿಯನ್ನು ತೆರವು ಮಾಡಿಕೊಡಿ ಅಂತ ತಹಶೀಲ್ದಾರರಿಗೆ ಅರ್ಜಿ ಕೊಟ್ಟೆವು, ಹಿರಿಯರೂ ಸಹಿ ಹಾಕಿದರು, ಗೋದಾಮಿನವರೂ ಕೊನೆಗೆ ಸಹಿ ಹಾಕಿದರು. ಅವರಿಗೂ ಲಾಭವೇ. ಜಾಲಿ ಕಿತ್ತರು, ಅಳತೆ ಮಾಡಿ ಎರಡೂ ಬದಿಗೆ ಕಲ್ಲು ನಿಲ್ಲಿಸಿದರು. ನಮ್ಮ ಹೊಲದ ಗರಸನ್ನು ಗೋದಾಮಿನವರೇ ಎತ್ತಿಸಿ ಅಲ್ಲಿಗೆ ಹಾಕಿಸಿದರು, ಬುಡದಲ್ಲಿ ಉಳಿದದ್ದನ್ನು ತಮ್ಮ ಇನ್ನೂ ಬುಟ್ಟಿಯಲ್ಲಿ ಆರಿಸುತ್ತಿದ್ದಾನೆ. ಹಳ್ಳ ತುಂಬಿದಾಗ ಚಕ್ಕಡಿ ಆ ಕಡೆ ಹೋಗಲು ಆಗುವುದಿಲ್ಲ, ಅದಕ್ಕೆ ಹಿರಿಯರ ಕಾಗದವನ್ನು ಈ ಯುಗಾದಿಗೂ ಹೊಸದು ಮಾಡಿದೆವು. ಈ ಸಲ ಅವರ ಮಗ, ನನ್ನ ತಮ್ಮ ಇಬ್ಬರೂ ಸಾಕ್ಷಿ ಹಾಕಿದ್ದಾರೆ.

ಖರೀದಿ ಪತ್ರದ ಸಾಲು ಮಾತ್ರ ಇನ್ನೂ ಹಾಗೇ ಇದೆ. ತಿದ್ದುಪಡಿ ಪತ್ರ ನೋಂದಣಿ ಆಗಬೇಕಂದರೆ ಮಾರಿದವರು, ಕೊಂಡವರು ಇಬ್ಬರೂ ಬಂದು ಸಹಿ ಮಾಡಬೇಕು, ಮಾರಿದವರು ಈಗ ಊರಲ್ಲಿಲ್ಲ. ಅಲ್ಲಿಯವರೆಗೆ ಎನ್‌ಎ ಅರ್ಜಿಯಲ್ಲಿ ನಮ್ಮ ನಂಬರಿನ ಮೇಲೆ ದಾರಿ ತೋರಿಸಬಾರದು ಅಂತ ಜಿಲ್ಲಾಧಿಕಾರಿ ಕಚೇರಿಗೆ ಹದ್ದುಬಸ್ತು ನಕ್ಷೆ ಲಗತ್ತಿಸಿ ಆಕ್ಷೇಪಣೆ ಕೊಟ್ಟು ಸ್ವೀಕೃತಿ ಪಡೆದಿದ್ದೇವೆ, ಕೇವಿಯಟ್ ಅವಧಿ ಮುಗಿದಾಗಲೆಲ್ಲ ಹೊಸದು ಹಾಕಿಸುತ್ತಿದ್ದೇವೆ.